ಮಂಗೋಲಿಯಾದ ಗೆರ್‌ನಲ್ಲಿ ಮೂರು ರಾತ್ರಿ: ಹಾಲು ಮೊಸರಿನವರಿಗೆ ಊಟ ಸಿಗುತ್ತದೆಯೇ?

ಪ್ರಶ್ನೆ: ಮುಂದಿನ ಜುಲೈನಲ್ಲಿ ನಾನು ಮತ್ತು ನನ್ನ ಹೆಂಡತಿ ಮಂಗೋಲಿಯಾಕ್ಕೆ ಹೋಗಬೇಕು ಅಂದುಕೊಂಡಿದ್ದೇವೆ. ಪ್ರವಾಸಿಗರ ಕ್ಯಾಂಪ್ ಬೇಡ, ಕುರಿ ಕುದುರೆ ಸಾಕುವ ಅಲೆಮಾರಿ ಕುಟುಂಬದ ಜೊತೆಯಲ್ಲೇ, ಅವರ ಗೆರ್‌ನಲ್ಲಿ (ದುಂಡನೆಯ ಡೇರೆ ಮನೆ) ಮೂರು ರಾತ್ರಿ ಇರುವ ಆಸೆ. ನಾನು ಮಾಂಸ ತಿನ್ನುತ್ತೇನೆ. ಅವಳು ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಹಾಲು ಮೊಸರು ಆಗುತ್ತದೆ. ಅವಳಿಗೆ ಅಲ್ಲಿ ಊಟ ಸಿಗುತ್ತದೆಯೇ? ಕುದುರೆ ಹಾಲು ಕುಡಿಯಲೇಬೇಕಾ? ಅವರ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು? (ದಾವಣಗೆರೆಯ ಓದುಗರು)

ಉತ್ತರ:

ಮೊದಲು ನಿಮ್ಮ ಹೆಂಡತಿಗೆ ಧೈರ್ಯ ಹೇಳಿ. ನೀವು ಜುಲೈ ಆರಿಸಿಕೊಂಡಿದ್ದೀರಿ, ಅಲ್ಲಿಗೆ ಅರ್ಧ ಚಿಂತೆ ಕಳೆಯಿತು.

ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ಊಟಕ್ಕೆ ಎರಡು ಬಣ್ಣ. ಬೇಸಿಗೆಯದು ಬಿಳಿ ಊಟ, ಅವರ ಮಾತಲ್ಲಿ ‘ಚಗಾನ್ ಇದೆ’. ಅಂದರೆ ಹಾಲು, ಮೊಸರು, ಕೆನೆ, ಗಿಣ್ಣ (ಚೀಸ್). ಚಳಿಗಾಲದ್ದು ಕೆಂಪು ಊಟ, ಅಂದರೆ ಮಾಂಸ. ನವೆಂಬರ್ ಬರುತ್ತಿದ್ದಂತೆ ಚಳಿಗಾಲಕ್ಕೆ ಬೇಕಾದಷ್ಟು ಪ್ರಾಣಿಗಳನ್ನು ಒಟ್ಟಿಗೆ ಕಡಿದು ಇಡುತ್ತಾರೆ. ಹೊರಗಿನ ಚಳಿಯೇ ಅವರಿಗೆ ಫ್ರಿಜ್. ಬೇಸಿಗೆಯಲ್ಲಿ ಪ್ರಾಣಿಗಳು ಹಾಲು ಕೊಡುತ್ತವೆ, ಮಾಂಸ ಇಟ್ಟರೆ ಕೆಡುತ್ತದೆ, ಹಾಗಾಗಿ ಹಾಲೇ ಜಾಸ್ತಿ. ಅಲ್ಲಿ ಮೆನು ಅನ್ನುವುದು ಇಲ್ಲ. ನೀವು ತಿಂಗಳು ಆರಿಸಿದರೆ ಊಟವನ್ನೂ ಆರಿಸಿದ ಹಾಗೆ. ಫೆಬ್ರವರಿಯ ಹೊತ್ತಿಗೆ ಬರುವ ಅವರ ಹೊಸ ವರ್ಷಕ್ಕೆ ಹೋಗುತ್ತೇವೆ ಅಂತ ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಆಗ ಮನೆಮನೆಯಲ್ಲೂ ಮಾಂಸ ತುಂಬಿದ ಕಡುಬು, ‘ಬೂಜ್’.

ಒಂದೇ ತಿದ್ದುಪಡಿ. ಜುಲೈ 11ರಿಂದ 13ರವರೆಗೆ ನಾದಮ್ ಹಬ್ಬ. ಕುಸ್ತಿ, ಬಿಲ್ಲುಗಾರಿಕೆ, ಕುದುರೆ ಓಟ. ದನಗಾಹಿ ಕುಟುಂಬಗಳು ಆಗ ಹತ್ತಿರದ ಊರಿನ ಓಟಕ್ಕೆ ಹೋಗಿರುತ್ತವೆ, ರಾಜಧಾನಿಯಲ್ಲಿ ರೂಮು ಸಿಗುವುದು ಕಷ್ಟ. ಅದೂ ಅಲ್ಲದೆ ಕುದುರೆ ಹಾಲು ಕರೆಯುವ ಕೆಲಸ ಶುರುವಾಗುವುದೇ ಜುಲೈನಲ್ಲಿ. ಮೂರನೇ ವಾರ ಕಳೆದ ಮೇಲೆ ಹೋದರೆ ಎಲ್ಲ ಕೂಡಿಬರುತ್ತದೆ.

ಇನ್ನು ನಿಮ್ಮ ಹೆಂಡತಿಯ ಊಟ. ಇಂಥದ್ದು ಸಿಗುತ್ತದೆ ಅಂತ ಪಟ್ಟಿ ಕೊಡುವುದಕ್ಕಿಂತ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಅರ್ಖಾಂಗೈ ಪ್ರಾಂತ್ಯದ ಚೆಚೆರ್‌ಲೆಗ್ ಊರಿನಿಂದ ಮುಂದೆ ಒಂದು ಮನೆ. ಯಾಕ್ (ಚಮರೀಮೃಗ) ಮತ್ತು ದನ ಬೆರೆತ ಮಂದೆ. ಬೆಳಿಗ್ಗೆ ಕರೆದ ಹಾಲನ್ನು ಮನೆಯ ಹೆಂಗಸು ಅಗಲವಾದ ಬಾಣಲೆಗೆ ಸುರಿದು ಒಲೆಗಿಟ್ಟಳು. ಉರಿಗೆ ಬೆರಣಿ. ಹಾಲು ಕಾದ ಮೇಲೆ ಸೌಟಿನಲ್ಲಿ ಮೊಗೆದು ಮೇಲಿನಿಂದ ಸುರಿದಳು. ಮತ್ತೆ ಮೊಗೆದಳು, ಮತ್ತೆ ಸುರಿದಳು. ನೊರೆ ಏಳುವ ತನಕ ಕೈ ನಿಲ್ಲಿಸಲಿಲ್ಲ. ಆಮೇಲೆ ಬಾಣಲೆಯನ್ನು ಮುಟ್ಟದೆ ರಾತ್ರಿಯಿಡೀ ಬಿಟ್ಟಳು. ಮರುದಿನ ಅದರ ಮೇಲೆ ಬೆರಳು ದಪ್ಪದ ಕೆನೆ ಕೂತಿತ್ತು. ಅಂಚು ಬಿಡಿಸಿ, ದೋಸೆ ಮಡಚಿದ ಹಾಗೆ ಅರ್ಧಕ್ಕೆ ಮಡಚಿ ಎತ್ತಿದಳು. ಅದೇ ‘ಓರೊಮ್’. ಕರಿದ ಹಿಟ್ಟಿನ ತುಂಡಿನ ಮೇಲೆ ಅದನ್ನು ಹಚ್ಚಿ, ಸ್ವಲ್ಪ ಸಕ್ಕರೆ ಉದುರಿಸಿ ಕೊಟ್ಟಳು. ಹಾಲಿನ ರುಚಿ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಅವತ್ತು.

ಕೆನೆ ತೆಗೆದ ಹಾಲಿಗೆ ಹೆಪ್ಪು ಹಾಕಿದಳು. ಮೊಸರಿಗೆ ಅಲ್ಲಿ ‘ತರಗ್’ ಅನ್ನುತ್ತಾರೆ. ಹೆಪ್ಪಿಗೆ ಅವರ ಮಾತು ‘ಖೊರೊಂಗೊ’. ಆಸ್ತಿ, ಬಂಡವಾಳ ಅನ್ನುವುದಕ್ಕೂ ಅದೇ ಮಾತು. ಚಳಿಗಾಲ ದಾಟಿಸಿ ಹೆಪ್ಪನ್ನು ಉಳಿಸಿಕೊಂಡ ಮನೆಗೆ ಮುಂದಿನ ವರ್ಷದ ಊಟ ಉಂಟು ಅಂತ ತಾನೆ.

ಹುಳಿ ಹೆಚ್ಚಾದ ಮೊಸರನ್ನು ಅವಳು ಮತ್ತೆ ಅದೇ ಬಾಣಲೆಗೆ ಸುರಿದಳು. ಅದರ ಮೇಲೆ ತಳವಿಲ್ಲದ ದೊಡ್ಡ ಡಬ್ಬಿಯಂಥ ಒಂದು ಕೊಳವೆ ಇಟ್ಟು, ಒಳಗೆ ಒಂದು ಪುಟ್ಟ ಪಾತ್ರೆ ತೂಗುಬಿಟ್ಟು, ಎಲ್ಲದರ ಮೇಲೆ ತಣ್ಣೀರು ತುಂಬಿದ ಬೋಗುಣಿ ಕೂರಿಸಿದಳು. ಸಂದಿಗೊಂದಿಗೆ ಬಟ್ಟೆ ಸುತ್ತಿದಳು. ಕೆಳಗೆ ಮೊಸರು ಕುದಿಯಿತು. ಹಬೆ ಮೇಲೇರಿ ತಣ್ಣನೆಯ ಬೋಗುಣಿಯ ತಳಕ್ಕೆ ತಾಗಿ, ನೀರಾಗಿ, ಹನಿಹನಿಯಾಗಿ ಒಳಗಿನ ಪಾತ್ರೆಗೆ ಬಿತ್ತು. ಮೇಲಿನ ನೀರು ಬಿಸಿಯಾದಾಗ ಬದಲಾಯಿಸಿದಳು. ಪಾತ್ರೆ ತೆಗೆದಾಗ ಅದರಲ್ಲಿ ತಿಳಿನೀರಿನಂಥ ಹಾಲಿನ ಸಾರಾಯಿ, ‘ಶಿಮೀನ್ ಆರ್ಖಿ’. ಬೆಚ್ಚಗಿತ್ತು, ಸ್ವಲ್ಪ ಮೊಸರಿನ ವಾಸನೆ. ಅಂಗಡಿಯ ವೋಡ್ಕಾಕ್ಕಿಂತ ಎಷ್ಟೋ ಮೆತ್ತಗೆ.

ಕೆಲಸ ಅಲ್ಲಿಗೂ ಮುಗಿಯಲಿಲ್ಲ. ತಳದಲ್ಲಿ ಉಳಿದ ಗಸಿಯನ್ನು ಬಟ್ಟೆಗೆ ಸುರಿದು, ಕಟ್ಟಿ, ನೀರು ಬಸಿದಳು. ಗಟ್ಟಿಯಾದದ್ದನ್ನು ನೂಲು ಹಿಡಿದು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಹಲಗೆಯ ಮೇಲೆ ಹರಡಿದಳು. ಹಲಗೆ ಡೇರೆಯ ಮಾಡಿನ ಮೇಲೆ, ಬಿಸಿಲಿಗೆ ಹೋಯಿತು. ನಮ್ಮಲ್ಲಿ ಸಂಡಿಗೆ ಒಣಗಿಸಿದ ಹಾಗೆಯೇ ಅಂದುಕೊಳ್ಳಿ. ಒಣಗಿದ ಮೇಲೆ ಅದು ‘ಆರೂಲ್’. ಕಲ್ಲಿನಷ್ಟು ಗಟ್ಟಿ. ಕಚ್ಚಲು ಹೋಗಬೇಡಿ, ಕೆನ್ನೆಯೊಳಗೆ ಇಟ್ಟುಕೊಂಡು ಚೀಪಬೇಕು. ಚಳಿಗಾಲದ ತನಕ ಕೆಡುವುದಿಲ್ಲ. ಕುರಿ ಮೇಯಿಸಲು ಹೋಗುವವನ ಜೇಬಿನಲ್ಲಿ ಎರಡು ತುಂಡು ಇದ್ದೇ ಇರುತ್ತದೆ.

ಒಂದು ಬಾಣಲೆ ಹಾಲು. ಅದರಲ್ಲಿ ಕೆನೆ, ಮೊಸರು, ಸಾರಾಯಿ, ಆರೂಲ್. ಒಂದು ಹನಿ ಚೆಲ್ಲಲಿಲ್ಲ. ಈ ಸಾಲಿನಲ್ಲಿ ಸಾರಾಯಿ ಬಿಟ್ಟು ಉಳಿದದ್ದೆಲ್ಲ ನಿಮ್ಮ ಹೆಂಡತಿ ತಿನ್ನಬಹುದು. ಜೊತೆಗೆ ‘ಬ್ಯಾಸ್ಲಗ್’ ಅನ್ನುವ ಗಿಣ್ಣ. ಕಾದ ಹಾಲಿಗೆ ಹುಳಿ ಮೊಸರು ಹಾಕಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ, ಮೇಲೆ ಕಲ್ಲು ಇಡುತ್ತಾರೆ. ನಮ್ಮ ಪನೀರಿನ ಅಕ್ಕ ಅನ್ನಬಹುದು, ಉಪ್ಪು ಇರುವುದಿಲ್ಲ. ಹಾಲಿನಲ್ಲಿ ಬೇಯಿಸಿದ ಅನ್ನವೂ ಇದೆ.

ಎಚ್ಚರ ಬೇಕಾದ್ದು ಬಿಸಿ ಊಟದಲ್ಲಿ. ‘ಚುಯಿವನ್’ ಅಂತ ಒಂದು ಅಡುಗೆ: ಮನೆಯಲ್ಲೇ ಲಟ್ಟಿಸಿ ಕತ್ತರಿಸಿದ ಶಾವಿಗೆ, ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು, ಮಾಂಸದ ಚೂರು. ಮಾಂಸ ಬೇಡ ಅಂದರೆ ಬಿಡುತ್ತಾರೆ. ಆದರೆ ಒಗ್ಗರಣೆ ಕುರಿಯ ಕೊಬ್ಬಿನದ್ದೇ ಆಗಿರಬಹುದು. ಕರಿದ ಹಿಟ್ಟಿನ ತುಂಡು, ‘ಬೋರ್ಚೊಗ್’, ಕೂಡ ಹಾಗೆಯೇ. ಕೊಬ್ಬನ್ನು ಮಾಂಸ ಅಂತ ಲೆಕ್ಕಕ್ಕೆ ತೆಗೆದುಕೊಳ್ಳದವರು ಅಲ್ಲಿ ಬಹಳ. ‘ಬಿ ಮಖ್ ಇದ್ದೆಗ್‌ಗುಯ್’, ಅಂದರೆ ನಾನು ಮಾಂಸ ತಿನ್ನುವುದಿಲ್ಲ, ಅನ್ನುವ ಮಾತನ್ನು ಕಲಿತುಕೊಳ್ಳಿ. ಕೊಬ್ಬಿನ ವಿಷಯವನ್ನು ದುಭಾಷಿಯ ಬಾಯಲ್ಲಿ ಬೇರೆಯಾಗಿ ಹೇಳಿಸಿ. ಒಂದು ಬಾಟಲಿ ಅಡುಗೆ ಎಣ್ಣೆಯನ್ನು ರಾಜಧಾನಿ ಉಲಾನ್‌ಬಾತರ್‌ನಲ್ಲೇ ಕೊಂಡು ಹೋಗಿ ಮನೆಯವರ ಕೈಗೆ ಕೊಟ್ಟುಬಿಡಿ. ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಪಾತ್ರೆ, ಸೌಟು, ಚಾಕು ಬೇರೆ ಇರಲಿ ಅಂತ ಮಾತ್ರ ಕೇಳಬೇಡಿ. ಒಂದೇ ಒಲೆ, ಒಂದೇ ಬಾಣಲೆಯ ಮನೆ ಅದು. ಅಷ್ಟು ಕಟ್ಟುನಿಟ್ಟು ನಿಮ್ಮ ಹೆಂಡತಿಗೆ ಮುಖ್ಯವಾದರೆ ಮೂರು ರಾತ್ರಿಯ ಬದಲು ಒಂದು ರಾತ್ರಿ ಸಾಕು.

ಇನ್ನೊಂದು ಮಾತನ್ನು ನಿಮ್ಮ ಹೆಂಡತಿಗೆ ಮೊದಲೇ ಹೇಳಿಡಿ. ಅತಿಥಿ ಬಂದರು ಅಂತ ಮನೆಯವರು ಕುರಿ ಕಡಿಯಬಹುದು, ಅದೂ ಡೇರೆಯ ಪಕ್ಕದಲ್ಲೇ. ಎದೆಯ ಕೆಳಗೆ ಸಣ್ಣದಾಗಿ ಸೀಳಿ, ಕೈ ಒಳಹಾಕಿ ರಕ್ತನಾಳ ಕೀಳುತ್ತಾರೆ. ನೆಲಕ್ಕೆ ರಕ್ತ ಬೀಳಬಾರದು ಅನ್ನುವುದು ಅವರ ನಿಯಮ. ಗಂಡಸರು ಕಡಿದರೆ, ಕರುಳು ತೊಳೆಯುವುದು ಹೆಂಗಸರು. ನೋಡಲಾಗದಿದ್ದರೆ ಆ ಹೊತ್ತಿಗೆ ನೀರು ತರಲು ಹೊಳೆ ಕಡೆ ಹೋಗಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.

ನಿಮಗೆ ಅವತ್ತು ‘ಖೋರ್‌ಖೊಗ್’ ಸಿಕ್ಕಿದರೆ ಪುಣ್ಯ. ಹೊಳೆಯ ನುಣುಪು ಕಲ್ಲುಗಳನ್ನು ಬೆಂಕಿಯಲ್ಲಿ ಕಾಯಿಸಿ, ಮಾಂಸದ ಜೊತೆ ಒಂದು ಹಾಲಿನ ಕ್ಯಾನಿಗೆ ಹಾಕಿ, ಬಾಯಿ ಬಿಗಿದು ಬೇಯಿಸುತ್ತಾರೆ. ಮಸಾಲೆ ಇಲ್ಲ, ಉಪ್ಪು ಮತ್ತು ಈರುಳ್ಳಿ ಅಷ್ಟೆ. ಕ್ಯಾನು ತೆಗೆದಾಗ ಮೊದಲು ಬರುವುದು ಊಟ ಅಲ್ಲ, ಕಲ್ಲು. ಜಿಡ್ಡಿನಿಂದ ಮಿನುಗುವ ಬಿಸಿ ಕಲ್ಲನ್ನು ಅಂಗೈಯಿಂದ ಅಂಗೈಗೆ ಹಾರಿಸುತ್ತಾ ಇರಬೇಕು. ಮೈಗೆ ಒಳ್ಳೆಯದು ಅಂತ ಅವರ ನಂಬಿಕೆ.

ಮಾರ್ಮೊಟ್ ಅನ್ನುವ ಬಿಲದ ಪ್ರಾಣಿಯ ಮಾಂಸ ಯಾರೇ ಕೊಟ್ಟರೂ ತಿನ್ನಬೇಡಿ. ಅದರಿಂದ ಪ್ಲೇಗ್ ಬರುತ್ತದೆ. 2019ರಲ್ಲಿ ಬಯಾನ್ ಓಲ್ಗಿ ಪ್ರಾಂತ್ಯದಲ್ಲಿ ಅದರ ಹಸಿ ಮಾಂಸ ತಿಂದ ಗಂಡ ಹೆಂಡತಿ ಇಬ್ಬರೂ ಸತ್ತರು. ಇದರಲ್ಲಿ ಮರ್ಯಾದೆ, ದಾಕ್ಷಿಣ್ಯ ಏನೂ ನೋಡಬೇಡಿ.

ಕುದುರೆ ಹಾಲಿಗೆ ಬರೋಣ. ಅದನ್ನು ಹಾಗೇ ಕುಡಿಯುವುದಿಲ್ಲ, ಹುಳಿ ಬರಿಸಿ ಕುಡಿಯುತ್ತಾರೆ. ಹೆಸರು ‘ಐರಗ್’. ಬೆಳಿಗ್ಗೆಯಿಂದ ಮರಿಗಳನ್ನು ಒಂದು ಉದ್ದ ಹಗ್ಗಕ್ಕೆ ಸಾಲಾಗಿ ಕಟ್ಟಿರುತ್ತಾರೆ. ತಾಯಿ ಕುದುರೆಗಳು ದೂರ ಹೋಗುವುದಿಲ್ಲ, ಅಲ್ಲೇ ಸುತ್ತುತ್ತಿರುತ್ತವೆ. ಕರೆಯುವಾಗ ಮರಿಯನ್ನು ಬಿಟ್ಟು ಎರಡು ಗುಟುಕು ಕುಡಿಸಿ, ಹಾಲು ಇಳಿದ ತಕ್ಷಣ ಪಕ್ಕಕ್ಕೆ ಎಳೆದು ಹಿಡಿಯಬೇಕು. ಕರೆಯುವವಳು ಒಂದು ಮಂಡಿ ಊರಿ, ಇನ್ನೊಂದು ಮಂಡಿಯ ಮೇಲೆ ಬಕೆಟ್ ಇಟ್ಟು, ಕುದುರೆಯ ಹಿಂಗಾಲಿನ ಸುತ್ತ ಕೈ ಬಳಸಿ ಕರೆಯುತ್ತಾಳೆ. ಒಂದು ಸಲಕ್ಕೆ ಸಿಗುವುದು ಸ್ವಲ್ಪವೇ. ಹಾಗಾಗಿ ಎರಡು ಗಂಟೆಗೊಮ್ಮೆ, ದಿನಕ್ಕೆ ಐದಾರು ಸಲ. ಆ ಹಾಲು ಬಾಗಿಲ ಬಳಿ ತೂಗುಹಾಕಿದ ದನದ ಚರ್ಮದ ಚೀಲಕ್ಕೆ ಹೋಗುತ್ತದೆ. ಚೀಲಕ್ಕೆ ‘ಖೊಖೂರ್’ ಅನ್ನುತ್ತಾರೆ. ಮರದ ಕಡಗೋಲಿನಿಂದ ದಿನವೂ ಐನೂರಕ್ಕೂ ಹೆಚ್ಚು ಸಲ ಕಡೆಯಬೇಕು. ಹೋಗಿ ಬರುವವರೆಲ್ಲ ನಾಲ್ಕು ಸಲ ಕಡೆದು ಒಳಗೆ ಬರುತ್ತಾರೆ. ನೀವೂ ಹಾಗೆ ಮಾಡಿ, ಮನೆಯವರ ಮುಖ ಅರಳುತ್ತದೆ. ಈ ವಿಧಾನವನ್ನು 2019ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ರುಚಿ? ನೀರು ಮಜ್ಜಿಗೆಗೆ ಸ್ವಲ್ಪ ಸೋಡಾ ಬೆರೆಸಿ, ಕೊನೆಯಲ್ಲಿ ನಾಲಿಗೆ ಚುರ್ ಅನ್ನಿಸಿದ ಹಾಗೆ. ಅಮಲಿನ ಅಂಶ 2% ಆಸುಪಾಸು. ಹೆಂಡತಿಯವರು ಮದ್ಯ ಮುಟ್ಟದವರಾದರೆ ಇದನ್ನು ಅವರಿಗೆ ತಿಳಿಸಿ. ಇನ್ನೊಂದು ವಿಷಯ: ಈ ಹಾಲನ್ನು ಕಾಯಿಸಿರುವುದಿಲ್ಲ. ಗರ್ಭಿಣಿಯರು, ಬೇರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಕುಡಿಯದಿರುವುದೇ ಸರಿ. ಆರೋಗ್ಯವಾಗಿರುವವರಿಗೂ ಮೊದಲ ದಿನ ಅರ್ಧ ಬೋಗುಣಿ ಸಾಕು. ಹೊಸಬರ ಹೊಟ್ಟೆಯನ್ನು ಅದು ಚೆನ್ನಾಗಿಯೇ ತೊಳೆಯುತ್ತದೆ. ಓಆರ್‌ಎಸ್ ಪೊಟ್ಟಣ ಮರೆಯಬೇಡಿ. ದನ, ಕುರಿ, ಮೇಕೆಯ ಹಸಿ ಹಾಲನ್ನಂತೂ ಯಾರೂ ಕುಡಿಯಬಾರದು. ಅಲ್ಲಿ ಬ್ರುಸೆಲೋಸಿಸ್ ಅನ್ನುವ ಜ್ವರ ಇದೆ. ಚಹಾ, ಓರೊಮ್, ಗಿಣ್ಣ ಎಲ್ಲ ಕಾಯಿಸಿದ ಹಾಲಿನದು, ಭಯ ಬೇಡ.

ಕುಡಿಯಲೇಬೇಕಾ ಅಂತ ಕೇಳಿದಿರಿ ಅಲ್ವಾ? ಕುಡಿಯಬೇಕಿಲ್ಲ, ಆದರೆ ಕೈಗೆ ತೆಗೆದುಕೊಳ್ಳಬೇಕು. ಕೊಟ್ಟದ್ದನ್ನು ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಬಲ ಮೊಣಕೈಗೆ ಆನಿಸಿ ತೆಗೆದುಕೊಳ್ಳಿ. ತುಟಿಗೆ ತಾಗಿಸಿ, ಮನೆಯವರಿಗೆ ವಾಪಸ್ ಕೊಡಿ. ಇದು ಅಲ್ಲಿ ಪೂರ್ತಿ ಮರ್ಯಾದೆಯ ನಡತೆ. ಕೈ ಮುಂದೆ ಚಾಚಿ ‘ಬೇಡ ಬೇಡ’ ಅನ್ನುವುದು ಮಾತ್ರ ಅವರಿಗೆ ನೋವು ಕೊಡುತ್ತದೆ. ಅವರು ಮೊದಲು ಕೊಡುವುದು ಚಹಾ, ‘ಸೂತೇ ಚಾಯ್’. ಇಟ್ಟಿಗೆಯಂತೆ ಒತ್ತಿದ ಚಹಾ ಪುಡಿ, ನೀರು, ಹಾಲು, ಉಪ್ಪು. ಸಕ್ಕರೆ ಇಲ್ಲ. ನಮ್ಮ ನಾಲಿಗೆ ಚಹಾ ಅಂದುಕೊಂಡು ಕುಡಿದರೆ ಮೋಸ ಹೋಗುತ್ತದೆ. ತೆಳ್ಳನೆಯ ಸಾರು ಅಂದುಕೊಳ್ಳಿ, ಎರಡನೇ ಬೋಗುಣಿಗೆ ಇಷ್ಟವಾಗುತ್ತದೆ.

ನಡವಳಿಕೆಯಲ್ಲಿ ಅರ್ಧದಷ್ಟು ನಿಮಗೆ ಮನೆಯಲ್ಲೇ ಗೊತ್ತು. ಹೊಸ್ತಿಲು ತುಳಿಯಬಾರದು. ಬೆಂಕಿ ದೇವರು, ಅದಕ್ಕೆ ಕಸ ಎಸೆಯಬಾರದು, ನೀರು ಸುರಿಯಬಾರದು, ಕಾಲು ಚಾಚಿ ಕೂರಬಾರದು. ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದು. ಇದನ್ನೆಲ್ಲ ಅಜ್ಜಿ ಹೇಳಿಕೊಟ್ಟಿರುತ್ತಾರೆ ಅಲ್ವಾ? ಹೊಸತು ಅಂದರೆ ಡೇರೆಯ ಒಳಗಿನ ದಿಕ್ಕು. ಗೆರ್ ಅಂದರೆ ಮನೆ ಅಂತಲೇ ಅರ್ಥ. ಬಾಗಿಲು ಯಾವಾಗಲೂ ದಕ್ಷಿಣಕ್ಕೆ. ಒಳಗೆ ಹೋದ ಮೇಲೆ ಎಡಕ್ಕೆ, ಅಂದರೆ ಪಶ್ಚಿಮಕ್ಕೆ ಸರಿದು ಕೂರಬೇಕು. ಅದು ಅತಿಥಿಗಳ ಮತ್ತು ಗಂಡಸರ ಕಡೆ. ಬಲಕ್ಕೆ ಅಡುಗೆ, ಹೆಂಗಸರ ಕಡೆ. ಬಾಗಿಲಿನ ಎದುರಿನ ಉತ್ತರ ತುದಿ ಹಿರಿಯರ ಜಾಗ, ದೇವರ ಪಟವೂ ಅಲ್ಲೇ. ನಡುವೆ ಮಾಡಿನ ಬಳೆಯನ್ನು ಹೊತ್ತ ಎರಡು ಕಂಬ ಇರುತ್ತವೆ. ಅವುಗಳ ನಡುವೆ ಹಾದು ಹೋಗಬೇಡಿ, ಒರಗಬೇಡಿ, ಒಬ್ಬರಿಗೊಬ್ಬರು ಅಲ್ಲಿಂದ ಸಾಮಾನು ದಾಟಿಸಲೂ ಬೇಡಿ.

ಗೆರ್ ಹತ್ತಿರ ಬಂದಾಗ ಬಾಗಿಲು ತಟ್ಟುವ ರೂಢಿ ಇಲ್ಲ. ‘ನೊಖೋಯ್ ಖೋರ್!’ ಅಂತ ದೂರದಿಂದಲೇ ಕೂಗುತ್ತಾರೆ. ನಾಯಿ ಹಿಡ್ಕೊಳ್ಳಿ ಅಂತ. ಅದು ಬರೀ ಪದ್ಧತಿ ಅಲ್ಲ, ನಾಯಿಗಳು ನಿಜಕ್ಕೂ ಜೋರು. ರಾತ್ರಿ ಹೊರಗೆ ಹೋಗಬೇಕಾದರೆ ಒಬ್ಬರೇ ಹೋಗಬೇಡಿ.

ಒಳಗೆ ಕೂತ ಮೇಲೆ ಬೇಸಿಗೆಯಲ್ಲಿ ಕೇಳುವ ಮಾತು ‘ಸೈಖನ್ ಝುಸಾಜ್ ಬೈನಾ ಊ?’ ಬೇಸಿಗೆ ಚೆನ್ನಾಗಿ ಕಳೆಯುತ್ತಿದ್ದೀರಾ ಅಂತ. ಈ ಪ್ರಶ್ನೆಗೆ ಅಲ್ಲಿ ತೂಕ ಇದೆ. ಬೇಸಿಗೆಯಲ್ಲಿ ಪ್ರಾಣಿ ಕೊಬ್ಬದಿದ್ದರೆ ಚಳಿಗಾಲ ದಾಟುವುದಿಲ್ಲ. 2023-24ರ ಚಳಿಗಾಲದಲ್ಲಿ ಹಿಮ ಮತ್ತು ಮಂಜುಗಡ್ಡೆ ಹುಲ್ಲನ್ನು ಮುಚ್ಚಿ 70 ಲಕ್ಷಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ಇಂಥ ವಿಪತ್ತಿಗೆ ‘ಝುಡ್’ ಅನ್ನುತ್ತಾರೆ. ಮಂದೆ ಕಳೆದುಕೊಂಡ ಕುಟುಂಬ ರಾಜಧಾನಿಯ ಅಂಚಿಗೆ ಹೋಗಿ ಡೇರೆ ಹಾಕುತ್ತದೆ, ಮತ್ತೆ ಹುಲ್ಲುಗಾವಲಿಗೆ ಬರುವುದು ತುಂಬ ಕಷ್ಟ. ನೀವು ಕೊಡುವ ದುಡ್ಡು ಆ ಮನೆಗೇ ಸೇರಬೇಕು ಅಂತ ನಾನು ಒತ್ತಿ ಹೇಳುವುದು ಅದಕ್ಕೇ.

ನನ್ನ ಮೊದಲ ಪ್ರವಾಸದಲ್ಲಿ ‘ಅಲೆಮಾರಿ ಕುಟುಂಬ’ ಅಂತ ಒಂದು ಏಜೆನ್ಸಿ ಕರೆದುಕೊಂಡು ಹೋದದ್ದು ಒಂದೇ ಅಳತೆಯ ಹನ್ನೆರಡು ಡೇರೆಗಳ ಸಾಲಿಗೆ. ಕುರಿ ಇರಲಿಲ್ಲ, ಬೆರಣಿ ವಾಸನೆ ಇರಲಿಲ್ಲ, ಊಟಕ್ಕೆ ಟೊಮೆಟೊ ಸಾಸ್ ಹಾಕಿದ ಪಾಸ್ತಾ. ಬುಕ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ. ಆ ಮನೆಯಲ್ಲಿ ಈಗ ಯಾವ ಪ್ರಾಣಿಯ ಹಾಲು ಕರೆಯುತ್ತಿದ್ದಾರೆ? ಹೋದ ಚಳಿಗಾಲ ಅವರು ಎಲ್ಲಿದ್ದರು? ರಾತ್ರಿಗೆ ಅವರಿಗೆ ಎಷ್ಟು ಸಿಗುತ್ತದೆ? ನಿಜವಾಗಿ ಪರಿಚಯ ಇರುವವರು ತಡವರಿಸದೆ ಹೇಳುತ್ತಾರೆ. ಕುಟುಂಬಗಳು ವರ್ಷಕ್ಕೆ ಹಲವು ಸಲ ಜಾಗ ಬದಲಿಸುತ್ತವೆ. ಹಾಗಾಗಿ ನಕ್ಷೆಯ ಮೇಲೆ ಗುರುತು ಕೊಡುವ ಏಜೆಂಟನಿಗಿಂತ ‘ದಾರಿಯಲ್ಲಿ ಕೇಳಿಕೊಂಡು ಹೋಗೋಣ’ ಅನ್ನುವ ಡ್ರೈವರ್ ನಂಬಿಕಸ್ಥ.

ಜಾಗ ಯಾವುದು ಅಂದರೆ, ಮೊದಲ ಸಲಕ್ಕೆ ಓರ್ಖೋನ್ ಕಣಿವೆ ಅಥವಾ ಅರ್ಖಾಂಗೈ. ಉಲಾನ್‌ಬಾತರ್‌ನಿಂದ ಪಶ್ಚಿಮಕ್ಕೆ ಖಾರ್‌ಖೊರಿನ್ ತನಕ ಸುಮಾರು 360 ಕಿಲೋಮೀಟರ್ ಡಾಂಬರು ರಸ್ತೆ, ಆಮೇಲೆ ಓರ್ಖೋನ್ ಕಣಿವೆಯ ಒಳಗೆ ಹುಲ್ಲಿನ ಮೇಲೆ ಚಕ್ರದ ಗುರುತೇ ದಾರಿ. ಹುಲ್ಲು, ನೀರು, ಯಾಕ್ ಎಲ್ಲ ಇರುವ ಕಡೆ ಬಿಳಿ ಊಟವೂ ಸಮೃದ್ಧಿ. ಗೋಬಿ ಮರುಭೂಮಿಯಲ್ಲಿ ಒಂಟೆ ಹಾಲು ಸಿಗುತ್ತದೆ, ಆದರೆ ದೂರ ಜಾಸ್ತಿ, ಬಿಸಿಲು ಜಾಸ್ತಿ. ಪಶ್ಚಿಮದ ತುದಿಯ ಬಯಾನ್ ಓಲ್ಗಿಯಲ್ಲಿ ಇರುವವರು ಕಝಾಕರು. ಭಾಷೆ ಬೇರೆ, ಧರ್ಮ ಇಸ್ಲಾಂ, ಊಟದಲ್ಲಿ ಕುದುರೆ ಮಾಂಸ ಮುಖ್ಯ. ನಿಮ್ಮಿಬ್ಬರಿಗೆ ಅದು ಈಗ ಬೇಡ.

ಭಾರತ ಅಂದರೆ ಅವರಿಗೆ ದೂರದ ಹೆಸರಲ್ಲ. ‘ಎನೆತ್‌ಖೆಗ್’ ಅನ್ನುತ್ತಾರೆ. 1990ರಿಂದ 2000ದವರೆಗೆ ಅಲ್ಲಿ ನಮ್ಮ ರಾಯಭಾರಿಯಾಗಿದ್ದವರು ಲಡಾಖಿನ ಬೌದ್ಧ ಗುರು ಕುಶೋಕ್ ಬಕುಲಾ ರಿಂಪೋಚೆ. ಮಂಗೋಲಿಯಾದ ಯುವ ಭಿಕ್ಷುಗಳು ಓದಲು ಬರುವುದು ನಮ್ಮ ಮುಂಡಗೋಡಿನ ಡ್ರೆಪುಂಗ್ ಗೋಮಾಂಗ್ ಮಠಕ್ಕೆ. ಕರ್ನಾಟಕ ಅಂದರೆ ಗೊತ್ತಾಗದಿದ್ದರೂ ಗೋಮಾಂಗ್ ಅಂದರೆ ತಲೆ ಆಡಿಸುವ ಅಜ್ಜಂದಿರು ಸಿಗುತ್ತಾರೆ. ಅವರ ಹಳೆಯ ವಾರದ ಹೆಸರುಗಳನ್ನು ಕೇಳಿ ನೋಡಿ: ಆದಿಯ, ಸುಮಿಯ, ಅಂಗಾರಗ್, ಬುದ್. ನೀವು ಮುಂದಿನದನ್ನು ಊಹಿಸಿ ಹೇಳಿದರೆ ಭಾಷೆ ಬಾರದ ಸಂಜೆಯೂ ಸಲೀಸಾಗಿ ಕಳೆಯುತ್ತದೆ.

ಬಟ್ಟೆ ವಿಷಯ ಬೇಗ ಮುಗಿಸುತ್ತೇನೆ. ಜುಲೈನಲ್ಲೂ ರಾತ್ರಿ ಸ್ವೆಟರ್, ಉಣ್ಣೆ ಟೋಪಿ ಬೇಕು. ಸ್ನಾನ ಸಿಗುವುದಿಲ್ಲ. ಹೊಳೆಯಲ್ಲಿ ಇಳಿದು ಸೋಪು ಹಚ್ಚಬೇಡಿ, ನೀರನ್ನು ಬಕೆಟ್‌ನಲ್ಲಿ ದೂರ ತಂದು ತೊಳೆದುಕೊಳ್ಳಿ. ಕುಡಿಯುವ ನೀರು ಕಾಯಿಸಿದ್ದೇ ಇರಲಿ. ಸೋಲಾರ್ ಫಲಕ ಹೆಚ್ಚಿನ ಮನೆಗಳಲ್ಲಿ ಇದೆ, ಫೋನ್ ಚಾರ್ಜ್ ಆಗುತ್ತದೆ.

ಉಡುಗೊರೆಯಾಗಿ ಮಕ್ಕಳಿಗೆ ಚಾಕೊಲೇಟ್ ರಾಶಿ ಒಯ್ಯಬೇಡಿ. ಮೈದಾ, ಅಕ್ಕಿ, ಇಟ್ಟಿಗೆ ಚಹಾ, ಟಾರ್ಚ್, ನೋಟ್‌ಬುಕ್, ಬಣ್ಣದ ಪೆನ್ಸಿಲ್ ಕೊಟ್ಟರೆ ಉಪಯೋಗ. ಮನೆಯಿಂದ ಚಟ್ನಿಪುಡಿ ತೆಗೆದುಕೊಂಡು ಹೋಗಿ, ಆದರೆ ಅದು ನಿಮಗೆ. ಅವರಿಗೆ ಖಾರ ಅಭ್ಯಾಸ ಇಲ್ಲ. ಬದಲಿಗೆ ಸ್ವಲ್ಪ ಏಲಕ್ಕಿ, ದ್ರಾಕ್ಷಿ, ಗೋಡಂಬಿ ಇಟ್ಟುಕೊಳ್ಳಿ. ಮೂರನೇ ಸಂಜೆ ನಿಮ್ಮ ಹೆಂಡತಿ ಅವರ ಬಾಣಲೆಯಲ್ಲಿ, ಅವರ ಹಾಲಿನಲ್ಲಿ, ಅಕ್ಕಿ ಪಾಯಸ ಮಾಡಲಿ. ಹಾಲಲ್ಲಿ ಬೇಯಿಸಿದ ಅನ್ನ ಅವರಿಗೆ ಗೊತ್ತು, ಉಪ್ಪು ಹಾಕಿ ತಿನ್ನುತ್ತಾರೆ. ಏಲಕ್ಕಿ ಹೊಸತು. ನಾನು ಮಾಡಿದಾಗ ಆ ಮನೆಯಾಕೆ ಮೊದಲ ಸೌಟನ್ನು ಯಾರಿಗೂ ಬಡಿಸಲಿಲ್ಲ. ಒಂಬತ್ತು ಕುಳಿ ಕೊರೆದ ಮರದ ಚಮಚ ತೆಗೆದಳು. ದಿನಾ ಬೆಳಿಗ್ಗೆ ಮೊದಲ ಚಹಾವನ್ನು ಆಕಾಶಕ್ಕೆ ಚಿಮುಕಿಸುವ ಚಮಚ ಅದು. ಪಾಯಸದ ತಿಳಿಯನ್ನು ಅದರಲ್ಲಿ ತೆಗೆದುಕೊಂಡು ಹೊರಗೆ ಹೋಗಿ ನಾಲ್ಕು ದಿಕ್ಕಿಗೂ ಚಿಮುಕಿಸಿ ಬಂದಳು. ಆಮೇಲೆ ಎಲ್ಲರ ಬೋಗುಣಿಗೂ ಬಡಿಸಿದಳು.